ತೊಟ್ಟಿಲದಿಬ್ಬದಲ್ಲಿ ಮಲಗಿರುವ ಕೂಸು

ಬೆಳ್ಳಂಕೇರಿಯ ಹೊಳೆ ಕಡಲನ್ನು ಸೇರುವ ಮೊದಲು ಒಂದು ಕಡೆ ಮೈಚಾಚಿ ಅಗಲವಾಗುತ್ತದೆ. ಕಡಲು ಉಕ್ಕುವ ಭರತದ ಹೊತ್ತಿಗೆ ನೋಡಿದರೆ ಅಲ್ಲಿ ಬರೀ ನೀರು, ಉಪ್ಪುನೀರಿನಲ್ಲೇ ಬೇರೂರುವ ಒಂದು ಗುಂಪು ಕಾಂಡ್ಲ ಮರಗಳ ತಲೆ, ಅದರ ಮೇಲೆ ಬೆಳ್ಳಕ್ಕಿ. ಇಳಿತದ ಹೊತ್ತಿಗೆ ಬಂದರೆ ಮಾತ್ರ ನೀರಿನ ನಡುವಿನಿಂದ ಆನೆಯ ಬೆನ್ನಿನಂಥ ಮರಳುದಿಬ್ಬವೊಂದು ಏಳುತ್ತದೆ. ಅದೇ ತೊಟ್ಟಿಲದಿಬ್ಬ. ದಿಬ್ಬದ ನಡುವಿನ ಅತಿ ಹಳೆಯ ಕಾಂಡ್ಲ ಮರದ ಕೊಂಬೆಗೆ ಹಳೇ ಸೀರೆಯ ತೊಟ್ಟಿಲೊಂದನ್ನು ಕಟ್ಟಿರುತ್ತಾರೆ. ಗಾಳಿ ಬಂದರೆ ಅದು ಹಗುರಾಗಿ ಹಾರಾಡುವುದಿಲ್ಲ, ಒಳಗೆ ಯಾರೋ ಇರುವ ಹಾಗೆ ತೂಕದಿಂದ ತೂಗುತ್ತದೆ. ಹೊಸದಾಗಿ ಬಂದವರು "ಇದು ಯಾರ ಮಗು?" ಎಂದು ಕೇಳದೆ ಹೋಗುವುದಿಲ್ಲ. ಅವರಿಗೆ ಉತ್ತರ ಹೇಳಬೇಕಾದರೆ ಬೊಮ್ಮಿಯ ಕಾಲಕ್ಕೆ ಹೋಗಬೇಕು.

ಹಿಂದೆ ಒಮ್ಮೆ, ಈ ಸೀಮೆಯನ್ನು ಆಳುತ್ತಿದ್ದ ಪಾಳೆಗಾರನಿಗೆ ಹೊಳೆಯ ಮೇಲ್ಗಡೆ ಕೋಟೆ ಕಟ್ಟುವ ಮನಸ್ಸಾಯಿತಂತೆ. ಕೋಟೆಗೆ ಸುಣ್ಣ ಬೇಕು, ಸುಣ್ಣಕ್ಕೆ ಚಿಪ್ಪು ಬೇಕು. ಬೆಳ್ಳಂಕೇರಿಯ ಹೆಂಗಸರು ತಲೆತಲಾಂತರದಿಂದ ಇಳಿತದ ಹೊತ್ತಿನಲ್ಲಿ ಮೊಣಕಾಲು ನೀರಿಗಿಳಿದು ಬಳಚು ಆರಿಸಿ, ಸಾರು ಮಾಡಿ ಮಕ್ಕಳನ್ನು ಸಾಕಿದವರು. ಬಳಚು ಎಂದರೆ ಮರಳಲ್ಲಿ ಹುದುಗಿರುವ ಚಿಪ್ಪಿನ ಜೀವಿ, ಈ ಕೇರಿಗೆ ಅದೇ ಅನ್ನದ ಜೊತೆಯ ಅನ್ನ. ಮೊದಲೆಲ್ಲ ಒಲೆಗೆ ಬೇಕಾದಷ್ಟನ್ನು ಮಾತ್ರ ತೆಗೆಯುತ್ತಿದ್ದರು. ಚಿಪ್ಪು ಸುಡುವ ಸುಣ್ಣದ ಗೂಡಿನವರು ಬಂದು ಬುಟ್ಟಿ ಚಿಪ್ಪಿಗೆ ಸೇರಕ್ಕಿ ಎಂದ ಮೇಲೆ ಕೈಗಳಿಗೆ ಅಂಕೆಯೇ ಉಳಿಯಲಿಲ್ಲ. ಕಬ್ಬಿಣದ ಕೊಕ್ಕೆ ಹಿಡಿದು ದೊಡ್ಡದು, ಸಣ್ಣದು, ಬೇಳೆಗಾತ್ರದ್ದು ಎಲ್ಲವನ್ನೂ ಕೆದರಿದರು. ಎಲ್ಲರಿಗಿಂತ ಮುಂದಿದ್ದವಳು ಬೊಮ್ಮಿಯ ಅತ್ತೆ ಬೀರಮ್ಮ. ಮೊದಲ ಇಳಿತಕ್ಕೇ ನೀರಿಗಿಳಿದರೆ ಬೆನ್ನು ನೆಟ್ಟಗೆ ಮಾಡುತ್ತಿದ್ದುದು ನೀರು ಏರಿದ ಮೇಲೆಯೇ. ಅವಳನ್ನು ದೂರಿ ಫಲವಿಲ್ಲ; ಹಸಿವನ್ನು ಕಂಡ ಹೆಂಗಸು, ಮನೆಗೆ ಬರುವ ಅಕ್ಕಿಯನ್ನು ಬೇಡ ಎನ್ನುವುದು ಅವಳಿಗೆ ಗೊತ್ತಿರಲಿಲ್ಲ.

ಎರಡು ವರ್ಷದೊಳಗೆ ಹೊಳೆಯ ತಳ ಗುಡಿಸಿದ ಅಂಗಳದಂತಾಯಿತು. ಅದೇ ಬೇಸಿಗೆಯಲ್ಲಿ ಬೊಮ್ಮಿ ಚೊಚ್ಚಲ ಹೆತ್ತಳು, ಹೆಣ್ಣು ಕೂಸು. ಬಾಣಂತಿಗೆ ಬಳಚಿನ ಸಾರು ಕುಡಿಸಿದರೆ ಎದೆ ತುಂಬುತ್ತದೆ ಎನ್ನುವುದು ಕೇರಿಯ ನಂಬಿಕೆ. ಆದರೆ ಸಾರಿಗೆ ಒಂದು ಬೊಗಸೆ ಬಳಚೂ ಸಿಗಲಿಲ್ಲ. ಕೂಸು ಎದೆ ಕಚ್ಚುತ್ತಿತ್ತು, ಎರಡು ಗುಟುಕಿಗೇ ಬಿಟ್ಟು ಅಳುತ್ತಿತ್ತು. ಮೂರನೆಯ ತಿಂಗಳಲ್ಲಿ ಬೊಮ್ಮಿ ತಾನೂ ಬಳಚು ಹುಡುಕಲು ಕೂಸನ್ನೆತ್ತಿಕೊಂಡು ದಿಬ್ಬಕ್ಕೆ ನಡೆದಳು. ಆಗ ಅಲ್ಲಿದ್ದುದು ಒಂಟಿ ಕಾಂಡ್ಲ ಮರ. ಅದಕ್ಕೆ ಸೀರೆ ಕಟ್ಟಿ ಕೂಸನ್ನು ಮಲಗಿಸಿದಳು.

ಬೆಳ್ಳಂಕೇರಿಯಲ್ಲಿ ಒಂದು ಕಟ್ಟಳೆ ಇತ್ತು. ಮಲಗಿದ ಕೂಸಿನ ಸುತ್ತ, ಅದರ ಅಳು ಕೇಳಿಸುವಷ್ಟು ದೂರ, ಯಾರೂ ನೆಲಕ್ಕೆ ಕಬ್ಬಿಣ ತಾಗಿಸಕೂಡದು. ಮಲಗಿದ ಮಗುವಿನ ಹತ್ತಿರ ನೆಲ ಅಗೆಯುವುದೆಂದರೆ ಏನನ್ನು ಕರೆದಂತೆ ಎಂದು ಬಾಯಿಬಿಟ್ಟು ಹೇಳಲೂ ಹೆಂಗಸರು ಹೆದರುತ್ತಿದ್ದರು. ಹಾಗಾಗಿ ಬೊಮ್ಮಿ ತೊಟ್ಟಿಲು ಕಟ್ಟಿದ್ದೇ ತಡ, ಎಲ್ಲರೂ ಗೊಣಗುತ್ತ ದೂರ ಸರಿದರು. ಮೂರು ದಿನ ಹೀಗೆ ನಡೆಯಿತು. ಮೂರನೆಯ ದಿನ ಕೂಸನ್ನು ಎತ್ತಿಕೊಳ್ಳಲು ಬಗ್ಗಿದ ಬೊಮ್ಮಿ ಹಾಗೆಯೇ ನಿಂತುಬಿಟ್ಟಳು. ತೊಟ್ಟಿಲ ಕೆಳಗಿನ ಒದ್ದೆ ಮರಳಿನ ತುಂಬ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಕಣ್ಣುಗಳು! ಮರಳೊಳಗಿಂದ ಬಳಚಿನ ಮರಿಗಳು ಉಸಿರಾಡುವ ಕಣ್ಣುಗಳು. ಇಡೀ ಹೊಳೆಯಲ್ಲಿ ಬಳಚಿನ ಸಂತಾನ ಉಳಿದದ್ದು ಅಲ್ಲಿ ಮಾತ್ರ.

ಮರುದಿನ ಬಿಸಿಲಿಗೆ ಕೂಸಿನ ಮೈ ಕಾದಿತ್ತು, ಹೊರಗೆ ಒಯ್ಯುವಂತಿರಲಿಲ್ಲ. ತೊಟ್ಟಿಲು ಕಟ್ಟದಿದ್ದರೆ ಅವೊತ್ತೇ ಕೊಕ್ಕೆಗಳು ದಿಬ್ಬವನ್ನು ನುಂಗುತ್ತವೆ. ಬರಿದಾದ ತೊಟ್ಟಿಲನ್ನು ತೂಗಿದರೋ, ಕೂಸಿಗೇ ಕೇಡು. ಬೊಮ್ಮಿಗೆ ದಾರಿ ತೋಚಲಿಲ್ಲ. ಆಗ ಮೂಲೆಯ ಒರಳು ಕಣ್ಣಿಗೆ ಬಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಲ್ಲಿ ಮಲಗುವುದು ಒರಳಿನ ಗುಂಡುಕಲ್ಲೇ ಅಲ್ಲವೇ? ಅತ್ತೆ ಆಗಲೇ ನೀರಿಗಿಳಿದಾಗಿತ್ತು. ಮನೆಯಲ್ಲಿ ಬಲೆ ಹೆಣೆಯುತ್ತಿದ್ದ ಗಂಡ ಕುಪ್ಪಯ್ಯನ ಮಡಿಲಿಗೆ ಕೂಸನ್ನು ಹಾಕಿ, ಗುಂಡುಕಲ್ಲನ್ನು ಕೂಸಿನ ಬಟ್ಟೆಯಲ್ಲಿ ಸುತ್ತಿ ಎದೆಗವಚಿಕೊಂಡು ಹೊರಟಳು.

"ಅದನ್ನೆಲ್ಲಿಗೆ ಒಯ್ತೀಯೇ?" ಎಂದ ಕುಪ್ಪಯ್ಯ.

"ಮಲಗಿಸೋಕೆ. ಅತ್ತೆಗೆ ಹೇಳಿದ್ರೆ ನಿಮಗೆ ನನ್ನಾಣೆ."

ದಿನವೂ ಬಟ್ಟೆಯ ಗಂಟೊಂದನ್ನು ಎದೆಗವಚಿಕೊಂಡು ಅತ್ತೆಗಿಂತ ತಡವಾಗಿ ಹೋಗುವುದು, ನೀರು ದಿಬ್ಬಕ್ಕೆ ಏರುತ್ತಲೇ ಅದೇ ಗಂಟಿನೊಡನೆ ಅತ್ತೆಗಿಂತ ಮೊದಲು ಮನೆಗೆ ಬರುವುದು. ಕಲ್ಲು ಮಾತ್ರ ಅಲ್ಲೇ ಮಲಗಿತು. ಬೀರಮ್ಮನಿಗೆ ತೊಟ್ಟಿಲಿನ ಬಗ್ಗೆ ಸಂಶಯ ಬರಲಿಲ್ಲ, ಕೊರಗಿದ್ದು ಕಲ್ಲಿಗಾಗಿ. "ನನ್ನ ಅತ್ತೆ ಕೊಟ್ಟ ಗುಂಡುಕಲ್ಲು ಕಣೇ! ಕದ್ದವನ ಹಲ್ಲು ಉದುರಿಹೋಗಲಿ. ಕಲ್ಲು ಕದ್ದು ಏನು ತಿಂತಾನೋ!" ಎಂದು ದಿನಾ ಶಪಿಸುತ್ತ ಚಟ್ನಿಯಿಲ್ಲದ ಗಂಜಿ ಕುಡಿಯುತ್ತಿದ್ದಳು. ಬೊಮ್ಮಿ ನಾಲಗೆಯಿಂದ ತನ್ನ ಹಲ್ಲುಗಳನ್ನು ಮುಟ್ಟಿ ನೋಡಿಕೊಳ್ಳುತ್ತ ತಲೆ ತಗ್ಗಿಸುತ್ತಿದ್ದಳು. ಕಲ್ಲು ಮಲಗಿಸಿದ ಏಳನೆಯ ದಿನ ಮನೆಯಲ್ಲಿ ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತು. ಅಂದು ಬೊಮ್ಮಿ ತೊಟ್ಟಿಲ ಕೆಳಗೆ ಕುಳಿತು ಮರಳಿಗೆ ಬೆರಳು ತೂರಿಸಿದಳು. ಒಂದು ಬೊಗಸೆ ತೆಗೆದರೆ ಯಾರು ನೋಡುತ್ತಾರೆ? ಕೈಗೆ ಬಂದದ್ದು ತೊಗರಿಬೇಳೆಯಷ್ಟು ಒಂದು ಮರಿ, ಬಾಯಿ ಬಿಗಿದುಕೊಂಡು ಅಂಗೈಯಲ್ಲಿ ಕೂತಿತ್ತು. ಅವಳು ಅದನ್ನು ಮತ್ತೆ ಮರಳಿಗೆ ಸೇರಿಸಿ, ಮೇಲೆ ಸವರಿ, ಬರಿಗೈಯಲ್ಲಿ ಮನೆಗೆ ಬಂದಳು ಎನ್ನುತ್ತಾರೆ.

ಹನ್ನೆರಡನೆಯ ದಿನ ಸುಣ್ಣದ ಗೂಡಿನ ಯಜಮಾನನೇ ಆಳುಗಳೊಡನೆ ದೋಣಿಯಲ್ಲಿ ಬಂದ. ಬುಟ್ಟಿಗಳೆಲ್ಲ ಅರ್ಧಕ್ಕೆ ನಿಂತಿದ್ದವು. ಅವನು ತೊಟ್ಟಿಲ ಕಡೆ ಕೈ ತೋರಿ, "ಹನ್ನೆರಡು ದಿನದಿಂದ ಒಂದು ಸಲವೂ ಅಳದ ಕೂಸು ಎಂಥದ್ದು? ಬಿಚ್ಚಿರೋ ಅದನ್ನ, ಅಗೆಯಿರಿ" ಎಂದ. ಆಳುಗಳು ಮುಖ ಮುಖ ನೋಡಿಕೊಂಡರು. ಮೊಣಕಾಲು ನೀರಿನಲ್ಲಿದ್ದ ಬೊಮ್ಮಿ ದಿಬ್ಬದ ಕಡೆ ತಿರುಗಿದಳು. ಅಷ್ಟರಲ್ಲಿ ಬೀರಮ್ಮ ಕೊಕ್ಕೆ ಬಿಸಾಡಿ, "ನನ್ನ ಮೊಮ್ಮಗಳನ್ನ ನೀವು ಮುಟ್ಟೋದು ಬೇಡ, ನಾನೇ ಎತ್ಕೋತೀನಿ" ಎನ್ನುತ್ತ ಸರಸರನೆ ನಡೆದು ತೊಟ್ಟಿಲ ಸೆರಗು ಸರಿಸಿದಳು.

ಅತ್ತೆಯ ಬೆನ್ನು ಮಾತ್ರ ಬೊಮ್ಮಿಗೆ ಕಾಣುತ್ತಿತ್ತು. ಆ ಬೆನ್ನು ಕಲ್ಲಾಯಿತು. ಬೀರಮ್ಮ ಬಹಳ ಹೊತ್ತು ಒಳಗೆ ನೋಡಿದಳು, ಆಮೇಲೆ ಕೆಳಗೆ, ತನ್ನ ಪಾದದ ಸುತ್ತ ಉಸಿರಾಡುತ್ತಿದ್ದ ಸಾವಿರ ಕಣ್ಣುಗಳನ್ನು ನೋಡಿದಳು. ಎರಡು ವರ್ಷದಿಂದ ಅಂಥ ಮರಳನ್ನು ಅವಳು ಕಂಡಿರಲಿಲ್ಲ. ನಿಧಾನವಾಗಿ ಒಂದು ಕಾಲೆತ್ತಿ ಕಣ್ಣುಗಳಿಲ್ಲದ ಕಡೆ ಇಟ್ಟಳು. ಸೆರಗನ್ನು ಮತ್ತೆ ಮುಚ್ಚಿ, ತೊಟ್ಟಿಲನ್ನು ಒಮ್ಮೆ ತೂಗಿ, ತುಟಿಗೆ ಬೆರಳಿಟ್ಟಳು.

"ಮಲಗಿದೆ. ಈಗಷ್ಟೇ ಕಣ್ಣು ಮುಚ್ಚಿದೆ. ಎಬ್ಬಿಸಿದವರ ಕೈ ಮುರೀತೀನಿ."

ಯಜಮಾನ ಏನೋ ಹೇಳಲು ಹೋದ. ಆದರೆ ಅಷ್ಟು ಹೊತ್ತಿಗೆ ಅವನ ಆಳುಗಳೇ ದೋಣಿ ಹತ್ತಿದ್ದರು.

ಅತ್ತೆ ಸೊಸೆ ಒಟ್ಟಿಗೇ ಮನೆಗೆ ಬಂದರು. ಹೊಸಿಲು ದಾಟಿದ ಮೇಲೆ ಬೀರಮ್ಮ, "ಹನ್ನೆರಡು ದಿನ ಚಟ್ನಿ ಇಲ್ದೆ ಗಂಜಿ ಕುಡಿಸಿದೆಯಲ್ಲೇ, ಕಳ್ಳಿ!" ಎಂದಳು. ಅಂದು ಚಿಪ್ಪು ಮಾರಿ ತಂದಿದ್ದ ಅಕ್ಕಿಯನ್ನೆಲ್ಲ ಬೊಮ್ಮಿಗೇ ಗಂಜಿ ಮಾಡಿದಳು. ಗಂಜಿಗೆ ಕಾಯಿಹಾಲು ಬೇಕು, ಅರೆಯಲು ಕಲ್ಲಿಲ್ಲ. ಕಾಯಿತುರಿ ಹಿಡಿದು ಪಕ್ಕದ ಮನೆಗೆ ಹೋದಳು.

"ನಿನ್ನ ಗುಂಡುಕಲ್ಲು ಸಿಕ್ಕಿತೇನೇ ಬೀರಕ್ಕಾ?"

"ಸಿಕ್ಕಿತು."

"ಮತ್ತೆಲ್ಲಿ?"

"ಮಲಗಿದೆ" ಎಂದಳು ಬೀರಮ್ಮ. ಆಮೇಲೆ ದನಿ ತಗ್ಗಿಸಿ, ತಾನು ಕಂಡದ್ದನ್ನೆಲ್ಲ ಹೇಳಿದಳು.

ಕಾಯಿ ಅರೆದು ಮುಗಿಯುವುದರೊಳಗೆ ಆ ಮಾತು ಇಡೀ ಕೇರಿಗೆ ಮುಟ್ಟಿತ್ತು. ಮರುದಿನದ ಇಳಿತಕ್ಕೆ ಹೆಂಗಸರೆಲ್ಲ ಕೊಕ್ಕೆ ಬಿಟ್ಟು ಬರಿಗೈಯಲ್ಲಿ ದಿಬ್ಬಕ್ಕೆ ಬಂದರು. ಒಬ್ಬೊಬ್ಬರಾಗಿ ಗುಂಡುಕಲ್ಲನ್ನು ತೂಗಿದರು, ಜೋಗುಳವನ್ನೂ ಹಾಡಿದರು. ಗೂಡಿನವರಿಗೆ ದಡದಲ್ಲಿ ಹಳೆಯ ಕಾಲದಿಂದ ರಾಶಿ ಬಿದ್ದಿದ್ದ ಸತ್ತ ಚಿಪ್ಪನ್ನು ಆಯ್ದು ಕೊಟ್ಟರು. ಬದುಕಿರುವುದನ್ನು ಮಾತ್ರ ಕೊಡುವುದಿಲ್ಲ ಎಂದರು. ಅಕ್ಕಿ ಕಡಿಮೆಯಾಯಿತು, ಆ ಮಳೆಗಾಲವನ್ನು ಕೇರಿ ಸೊಪ್ಪು ತಿಂದು ಕಳೆಯಿತು. ಬೊಮ್ಮಿಗೆ ಮಾತ್ರ ಸರದಿಯ ಮೇಲೆ ಒಂದೊಂದು ಮನೆಯಿಂದ ಗಂಜಿ ಬಂತು. ಮಳೆ ನಿಂತ ಮೇಲೆ ಹೊಳೆಯ ಆಚೆ ದಡದವರೆಗೂ ಮರಳು ಕಣ್ಣು ಬಿಟ್ಟಿತು. ಮೊದಲ ಸಾರನ್ನು ಬೊಮ್ಮಿಗೆ ಕುಡಿಸಿದವಳು ಬೀರಮ್ಮ. ಕೂಸು ಅಂದು ಎದೆ ಕಚ್ಚಿದ್ದು ನಿದ್ದೆ ಹೋಗುವ ತನಕ ಬಿಡಲಿಲ್ಲ.

ಒಂಟಿ ಕಾಂಡ್ಲ ಈಗ ತೋಪಾಗಿದೆ. ಕೂಸಿಗೆ ನೆರಳಿರಲಿ ಎಂದು ಹೆಂಗಸರು ಊರಿದ ಮೊಳಕೆಗಳವು. ಈಗಲೂ ಬಳಚಿನ ಮರಿ ಕಾಣಿಸಿಕೊಂಡ ದಿನ ಕೇರಿಯ ಹೊಸ ಬಾಣಂತಿಯ ಸೀರೆಯಲ್ಲಿ ತೊಟ್ಟಿಲು ಕಟ್ಟುತ್ತಾರೆ, ಮೂರು ಹುಣ್ಣಿಮೆ ಕಳೆಯುವ ತನಕ ದಿಬ್ಬಕ್ಕೆ ಯಾರೂ ಕೈ ಹಾಕುವುದಿಲ್ಲ. ಒಳಗಿರುವುದು ಅದೇ ಬೀರಮ್ಮನ ಗುಂಡುಕಲ್ಲು, ಎಣ್ಣೆ ಅರಿಸಿನ ಹಚ್ಚಿ ಹಚ್ಚಿ ಕೂಸಿನ ಕೆನ್ನೆಯಂತೆ ನುಣುಪಾಗಿದೆ. ದೋಣಿಯಲ್ಲಿ ಬಂದವರು ಅದರ ಹತ್ತಿರ ನಿಂತು ಗಟ್ಟಿಯಾಗಿ ನಕ್ಕರೆ, ಅಲ್ಲೇ ಬುಟ್ಟಿ ತೊಳೆಯುತ್ತಿರುವ ಯಾವಳೋ ಒಬ್ಬ ಅಜ್ಜಿ ತಲೆಯೆತ್ತಿ ತುಟಿಗೆ ಬೆರಳಿಡುತ್ತಾಳೆ.

"ಸ್ವಲ್ಪ ಮೆಲ್ಲಗೆ ಮಾತಾಡಿ. ಮಲಗಿದೆ."