ಕವಣೆಗಾರನ ಬೆನ್ನು

“ಅಜ್ಜಾರ, ಇದಕ್ಕಿಂತ ಕಠಿಣ ವ್ರತ ಯಾವುದೈತಿ? ನನಗ ಅದನ್ನ ಕೊಡ್ರಿ,” ಎಂದು ಚೆನ್ನವೀರ ಗುರುಗಳನ್ನು ಕೇಳಿದ.

ಆ ಮಧ್ಯಾಹ್ನ ಮಠದ ಪಂಕ್ತಿಯಲ್ಲಿ ಎರಡನೆಯ ಸಲ ಅನ್ನ ಕೇಳಿದ ಮುದುಕನೊಬ್ಬನನ್ನು ಅವನು ಎಲ್ಲರೆದುರು ಬೈದಿದ್ದ. ಮುದುಕ ಎಲೆ ಬಿಟ್ಟು ಎದ್ದು ಹೋಗಿದ್ದ. ಸಿಟ್ಟನ್ನು ಗೆಲ್ಲಲೆಂದು ಚೆನ್ನವೀರ ಸೋಮವಾರದ ಉಪವಾಸ ಹಿಡಿದಿದ್ದ, ಮೌನ ಹಿಡಿದಿದ್ದ, ಉಪ್ಪು ಬಿಟ್ಟಿದ್ದ. ಸಿಟ್ಟು ಮಾತ್ರ ಅವನನ್ನು ಬಿಟ್ಟಿರಲಿಲ್ಲ. ದೀಕ್ಷೆಯ ದಿನ ಹತ್ತಿರ ಬಂದಿತ್ತು. ಇಂಥ ನಾಲಿಗೆ ಇಟ್ಟುಕೊಂಡು ದೀಕ್ಷೆ ಪಡೆಯುವುದು ಹೇಗೆ ಎಂಬ ಭಯ ಅವನನ್ನು ತಿನ್ನುತ್ತಿತ್ತು.

ಗುರುಗಳು ಅವನನ್ನು ಕುಳ್ಳಿರಿಸಿ, ಕತೆ ಹೇಳತೊಡಗಿದರು.

ಒಂದೂರಿನಲ್ಲಿ ಒಬ್ಬ ಕವಣೆಗಾರನಿದ್ದ. ಜೋಳದ ತೆನೆ ಹಾಲುಗಾಳಾದಾಗ ಹೊಲದ ಅಟ್ಟಣೆಯ ಮೇಲೆ ನಿಂತು, ಕವಣೆಯಲ್ಲಿ ಕಲ್ಲು ಬೀಸಿ ಹಕ್ಕಿ ಓಡಿಸುವುದು ಅವನ ಕಸುಬು. ಊರಿನ ಕಾಳು ಅವನ ತೋಳಿನಲ್ಲಿದೆ ಎಂದು ಜನ ಹೊಗಳುತ್ತಿದ್ದರು. ಪಾಪ, ಅವನೂ ಹಾಗೆಂದೇ ನಂಬಿದ್ದ. ಒಂದು ವರ್ಷ ಆ ತೋಳು ನೋಯತೊಡಗಿತು. ಕೈ ಎತ್ತಿದರೆ ಹೆಗಲಿನ ಮುಂಭಾಗದಲ್ಲಿ ಚುಚ್ಚುತ್ತಿತ್ತು. ಆಚೆಯ ಬದು ಮುಟ್ಟುತ್ತಿದ್ದ ಕಲ್ಲು ಈಗ ನಡುಹೊಲದಲ್ಲೇ ಬೀಳುತ್ತಿತ್ತು.

ತೋಳು ಸೋತಿದೆ ಎಂದುಕೊಂಡು ಅವನು ಅದಕ್ಕೆ ಬಲ ತುಂಬಲು ಹೊರಟ. ಬೆಳಗಾದರೆ ಗುಂಡುಕಲ್ಲು ಎತ್ತಿದ. ಹೆಗಲಿಗೆ ಎಣ್ಣೆ ತಿಕ್ಕಿಸಿಕೊಂಡ. ಕವಣೆಗೆ ಮೊದಲಿಗಿಂತ ದೊಡ್ಡ ಕಲ್ಲು ಹಾಕಿದ. ತೋಳೇನೋ ದಪ್ಪವಾಯಿತು, ಅದರ ಜೊತೆ ನೋವೂ ಬೆಳೆಯಿತು. ಕಡೆಗೆ ತಲೆಗೆ ರುಮಾಲು ಸುತ್ತಿಕೊಳ್ಳುವುದೂ ಕಷ್ಟವಾಯಿತು. ಬರುವ ಸುಗ್ಗಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದ ಹೊಲದ ಒಡೆಯ. ಕವಣೆ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಬಾಳಿರಲಿಲ್ಲ. ಹೆಂಡತಿಯನ್ನು ಕರೆದುಕೊಂಡು ಮೂಳೆ ಕಟ್ಟುವ ವೈದ್ಯನ ಬಳಿಗೆ ಹೋದ.

ವೈದ್ಯ ನೋಯುವ ಜಾಗವನ್ನು ಮುಟ್ಟಲೇ ಇಲ್ಲ. ಅಂಗಿ ಬಿಚ್ಚಿಸಿ, ತನ್ನ ಕಡೆ ಬೆನ್ನು ಮಾಡಿ ನಿಲ್ಲಿಸಿ, ಎರಡೂ ಕೈ ಮೆಲ್ಲಗೆ ಎತ್ತಿ ಇಳಿಸು ಎಂದ. ಎಡಗಡೆ ಹೆಗಲ ಹಿಂದಿನ ಹಲಗೆಮೂಳೆ ಪಕ್ಕೆಲುಬಿಗೆ ಒತ್ತಿಕೊಂಡೇ ಸರಿದು, ಹಾಗೆಯೇ ಮರಳಿತು. ನೋವಿದ್ದ ಬಲಗಡೆಯದು ತನ್ನ ತಾವು ಬಿಟ್ಟು, ಸರಿಯಾಗಿ ಮುಚ್ಚದ ಬಾಗಿಲಿನ ಹಾಗೆ ಹೊರಗೆ ಚಾಚಿಕೊಂಡಿತು. ವೈದ್ಯ ಅದನ್ನು ಹೆಂಡತಿಗೆ ತೋರಿಸಿದ.

“ಇದು ಬಾಳ ದಿನದಿಂದ ಹಿಂಗ ಐತ್ರಿ,” ಎಂದಳು ಅವಳು. “ಜಳಕದಾಗ ಬೆನ್ನ ತಿಕ್ಕುವಾಗ ಕಂಡೀನಿ. ಇವರು ನೋವು ಮುಂದೈತಿ ಅಂತಿದ್ರು, ನಾ ಸುಮ್ನಾದೆ.”

“ಹಿಂದ ಯಾವಾಗರ ಬಿದ್ದಿದ್ದೇನು?” ಎಂದು ವೈದ್ಯ ಅವನನ್ನು ಕೇಳಿದ.

“ಅಟ್ಟಣಿಯಿಂದ ಒಮ್ಮೆ ಬಿದ್ದಿದ್ದೆ. ಮರುದಿನಾನ ಮತ್ತ ಹತ್ತಿ ಕವಣಿ ಬೀಸಿದೆ,” ಎಂದು ಕವಣೆಗಾರ ಹೆಮ್ಮೆಯಿಂದ ಹೇಳಿದ.

“ಅವತ್ತಿಂದ ಹಿಂದಿನ ಹಲಗಿ ಕೆಲಸ ಬಿಟ್ಟೈತಿ. ಅದರ ಪಾಲಿನ ಭಾರಾನೂ ತೋಳಿನ ಮ್ಯಾಲೆ ಬಿದ್ದೈತಿ. ನೀ ತೋಳಿಗೆ ಬಲ ಹಾಕಿದಷ್ಟೂ ಅದು ನೋಯತೈತಿ,” ಎಂದ ವೈದ್ಯ.

ಇಲ್ಲಿ ಚೆನ್ನವೀರನಿಗೆ ಏಕೋ ಅಣ್ಣನ ನೆನಪಾಯಿತು. ತಂದೆ ತೀರಿಕೊಂಡ ವರ್ಷ ಊಟಕ್ಕೆ ಕುಳಿತಾಗ, ದುಡಿಯದವನಿಗೆ ಎರಡನೆಯ ರೊಟ್ಟಿ ಏಕೆ ಎಂದಿದ್ದ ಅಣ್ಣ. ಚೆನ್ನವೀರ ತಾಟು ತಳ್ಳಿ ಎದ್ದವನು ನೇರ ಮಠಕ್ಕೆ ಬಂದಿದ್ದ. ಅಂದು ಗುರುಗಳಿಗೆ ಇದನ್ನೆಲ್ಲ ಹೇಳಿ, ಆ ಮಾತು ಅಲ್ಲಿಗೇ ಮುಗಿಯಿತು ಎಂದಿದ್ದ. ಈಗ ಅವನು ಆ ನೆನಪನ್ನು ಅತ್ತ ತಳ್ಳಿ ಕತೆಗೆ ಕಿವಿಗೊಟ್ಟ.

ಗುರುಗಳು ಮುಂದುವರಿಸಿದರು. ವೈದ್ಯ ಕವಣೆಯನ್ನು ಕೆಳಗಿಡಿಸಿದ. ಗುಂಡುಕಲ್ಲನ್ನೂ ಬಿಡಿಸಿದ. ಗೋಡೆಗೆ ಅಂಗೈ ಊರಿ ಮೆಲ್ಲಗೆ ಒತ್ತುವುದು, ಕೂಸಿನ ಹಾಗೆ ಅಂಬೆಗಾಲಿಡುವುದು, ಇಷ್ಟೇ ಅವನು ಹೇಳಿದ ಮದ್ದು. ಹೆಂಡತಿ ಆ ಹಲಗೆಮೂಳೆಯ ಮೇಲೆ ಕೈಯಿಟ್ಟುಕೊಂಡು, ಅದು ತಾವು ಬಿಟ್ಟಾಗಲೆಲ್ಲ ಗಂಡನಿಗೆ ಹೇಳಬೇಕು. ಏಕೆಂದರೆ ತನ್ನ ಬೆನ್ನು ತನಗೆ ಕಾಣುವುದಿಲ್ಲ. ಅಷ್ಟು ದೊಡ್ಡ ಕವಣೆಗಾರ ಪಡಸಾಲೆಯಲ್ಲಿ ಅಂಬೆಗಾಲಿಟ್ಟ. ಊರವರು ಬಾಗಿಲಲ್ಲಿ ನಿಂತು ನಕ್ಕರು. ನಾಚಿಕೆಯಿಂದ ಅವನ ಕಣ್ಣಲ್ಲಿ ನೀರು ಬಂತು. ಆದರೂ ಬಿಡಲಿಲ್ಲ. ಆ ಸುಗ್ಗಿ ಬೇರೆಯವನ ಪಾಲಾಯಿತು. ಅದರ ಮುಂದಿನ ಸುಗ್ಗಿಯ ಹೊತ್ತಿಗೆ ಹಲಗೆ ತನ್ನ ಕೆಲಸಕ್ಕೆ ಮರಳಿತ್ತು. ಸಣ್ಣ ಕಲ್ಲಿನಿಂದ ತೊಡಗಿ, ಅವನು ಮತ್ತೆ ಹೊಲ ಕಾದ.

ಚೆನ್ನವೀರ ಕೈಮುಗಿದ. “ತಿಳೀತ್ರಿ ಅಜ್ಜಾರ. ದೊಡ್ಡ ವ್ರತ ಬ್ಯಾಡ. ಒಂದು ಹೊತ್ತಿನ ಉಪವಾಸದಿಂದ ಸುರು ಮಾಡ್ಲೇನ್ರಿ?”

ಗುರುಗಳು ಅವನ ಮುಗಿದ ಕೈಗಳನ್ನು ಹಿಡಿದು ಬಿಡಿಸಿದರು.

“ಉಪವಾಸ ಬ್ಯಾಡೋ ಚೆನ್ನವೀರ, ನಿಮ್ಮಣ್ಣನ ಮನ್ಯಾಗ ಒಂದು ಹೊತ್ತು ಉಂಡು ಬಾ.”