ಹೊಳೆ ನುಗ್ಗಿದ ದಿನದ ಹಾಳೆ

"ಗುರುಗಳೇ, ಹನ್ನೆರಡು ವರ್ಷದ ಹಿಂದೆ ನನ್ನ ಅಣ್ಣ ನಾಲ್ಕು ಜನರ ಮುಂದೆ ನನ್ನನ್ನು ಕಳ್ಳ ಎಂದ. ಅಂದಿನ ಒಂದೊಂದು ಮಾತೂ ನನಗೆ ನೆನಪಿದೆ. ಈಗ ಕಾಯಿಲೆ ಬಿದ್ದು, ಬಂದು ಹೋಗು ಎಂದು ಹೇಳಿಕಳಿಸಿದ್ದಾನೆ. ಮರೆಯಲಾಗದ್ದನ್ನು ಕ್ಷಮಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ನಿನ್ನೆಯ ಪಾಠ ಇವತ್ತು ನೆನಪಿರುವುದಿಲ್ಲ. ಹನ್ನೆರಡು ವರ್ಷದ ಬೈಗುಳ ಮಾತ್ರ ಬಾಯಿಪಾಠ. ಕೂತುಕೋ, ಒಂದು ಕತೆ ಕೇಳು" ಎಂದರು.

ಒಂದು ಊರಿನಲ್ಲಿ ಒಬ್ಬ ಮನೋವಿಜ್ಞಾನಿ ಇದ್ದಳು. ಮನುಷ್ಯರ ನೆನಪೇ ಆಕೆಯ ಅಧ್ಯಯನದ ವಿಷಯ. ಆಕೆ ಕೆಲಸಕ್ಕೆ ಹೊಸಬಳಾಗಿದ್ದಾಗ ಹೊಳೆ ಊರಿಗೆ ನುಗ್ಗಿತು. ಆಕೆಯ ತಾಯಿಯೂ ನೀರುಪಾಲಾದಳು. ಐದನೆಯ ದಿನ ಆಕೆ ಕಣ್ಣೊರೆಸಿಕೊಂಡು, ಹಾಳೆಗಳ ಕಟ್ಟು ಹಿಡಿದು ಮನೆಮನೆಗೆ ಹೋದಳು. ಆ ದಿನ ಎಲ್ಲಿದ್ದಿರಿ, ಏನು ಕಂಡಿರಿ, ನೆರವಿಗೆ ಯಾರು ಬಂದರು, ಎಲ್ಲವನ್ನೂ ಅವರವರ ಕೈಯಲ್ಲೇ ಬರೆಸಿದಳು. ತಾನು ಉತ್ತರಿಸದ ಪ್ರಶ್ನೆಯನ್ನು ಇನ್ನೊಬ್ಬರಿಗೆ ಕೇಳಬಾರದೆಂಬುದು ಆಕೆಯ ನೇಮ. ಆದ್ದರಿಂದ ಮೊದಲ ಹಾಳೆಯನ್ನು ತಾನೇ ತುಂಬಿದ್ದಳು.

ಹತ್ತು ವರ್ಷದ ನಂತರ ಅದೇ ಜನರಿಗೆ ಅದೇ ಪ್ರಶ್ನೆ ಕೇಳಿದಳು. ಉತ್ತರಗಳು ಬದಲಾಗಿದ್ದವು. ಮಾಳಿಗೆಯ ಮೇಲೆ ಕೂತಿದ್ದೆ ಎಂದು ಬರೆದಿದ್ದ ಒಬ್ಬ ವ್ಯಾಪಾರಿ, ಎದೆಮಟ್ಟದ ನೀರಿನಲ್ಲಿ ನಡೆದು ಬಂದೆ ಎಂದ. ಆಕೆ ಅವನ ಹಳೆಯ ಹಾಳೆಯನ್ನು ಮುಂದಿಟ್ಟಳು. ಅವನು ತಿರುಗಿಸಿ ಮುರುಗಿಸಿ ನೋಡಿ, "ಅಕ್ಷರ ನನ್ನದೇ ತಾಯಿ. ಆದರೆ ನಡೆದದ್ದು ಹೀಗಲ್ಲ" ಎಂದ. ಅವನೇನೂ ಸುಳ್ಳುಗಾರನಲ್ಲ. ಹೀಗೆ ಹೇಳಿದವನು ಅವನೊಬ್ಬನೇ ಅಲ್ಲ.

ಆ ಅಧ್ಯಯನದಿಂದ ಆಕೆಗೆ ದೊಡ್ಡ ಹೆಸರು ಬಂತು. ಸಾಕ್ಷಿಗಳ ಮಾತನ್ನು ಎಷ್ಟು ನಂಬಬೇಕೆಂದು ನ್ಯಾಯಾಧೀಶರೇ ಆಕೆಯನ್ನು ಕೇಳತೊಡಗಿದರು. ಆದರೆ ಆಕೆ ಅಣ್ಣನ ಜೊತೆ ಮಾತು ಬಿಟ್ಟಿದ್ದಳು. ಹೊಳೆ ನುಗ್ಗಿದ ದಿನ ಹರಿಗೋಲು ಇದ್ದೂ ಅವನು ಅಮ್ಮನನ್ನು ಉಳಿಸಲು ಬರಲಿಲ್ಲ ಎಂಬುದು ಆಕೆಯ ನೆನಪು. ಮೊದಲು ಮಾತು ಕಡಿಮೆಯಾಯಿತು, ವರ್ಷ ಕಳೆದಂತೆ ನಿಂತೇ ಹೋಯಿತು. ಅವನು ಏನು ಹೇಳಹೋದರೂ ಆಕೆ ಕಿವಿಗೆ ಹಾಕಿಕೊಳ್ಳಲಿಲ್ಲ.

ನಿವೃತ್ತಿಯ ವರ್ಷ ಹಳೆಯ ಹಾಳೆಗಳನ್ನು ಗ್ರಂಥಾಲಯಕ್ಕೆ ಕೊಡಲು ಜೋಡಿಸುವಾಗ ಆಕೆಯದೇ ಹಾಳೆ ಸಿಕ್ಕಿತು. ತನ್ನದೆಂದು ಅದನ್ನು ಅಧ್ಯಯನಕ್ಕೆ ಸೇರಿಸಿರಲಿಲ್ಲ, ಮತ್ತೆ ಓದಿಯೂ ಇರಲಿಲ್ಲ. ಅದರಲ್ಲಿ ಹೀಗಿತ್ತು: 'ಅಣ್ಣ ಎರಡು ಸಲ ಹರಿಗೋಲು ತಂದ. ಹಸುಗಳನ್ನು ಬಿಟ್ಟು ಬರುವುದಿಲ್ಲ ಎಂದು ಅಮ್ಮ ಹಟ ಹಿಡಿದಳು. ನಾನೂ ಒತ್ತಾಯ ಮಾಡಲಿಲ್ಲ. ಎರಡನೆಯ ಸಲ ನಾನೊಬ್ಬಳೇ ಹತ್ತಿದೆ.'

"ಇಲ್ಲ, ನಡೆದದ್ದು ಹೀಗಲ್ಲ" ಎಂದಳು ಆಕೆ, ಗಟ್ಟಿಯಾಗಿ. ಅಂದ ಕೂಡಲೇ ಆಕೆಗೆ ನಾಚಿಕೆಯಾಯಿತು. ಎಷ್ಟು ಜನರ ಬಾಯಲ್ಲಿ ಆ ಮಾತು ಕೇಳಿದ್ದಳು!

ಮರುದಿನವೇ ಅಣ್ಣನ ಮನೆಗೆ ಹೋದಳು. ಬಾಗಿಲಲ್ಲೇ ನಿಂತು, "ಅಣ್ಣಾ, ನೀನು ಬರಲಿಲ್ಲ ಅಂತಲೇ ನನಗೆ ಈಗಲೂ ನೆನಪು. ಆದರೆ ನೀನು ಬಂದಿದ್ದೆ. ತಪ್ಪು ನನ್ನದು" ಎಂದಳು.

ಅಣ್ಣನ ಕಣ್ಣು ತುಂಬಿತು. "ಬಿಸಿಲಲ್ಲಿ ಬಂದಿದ್ದೀಯಲ್ಲೇ, ಒಳಗೆ ಬಾ" ಎಂದ.

ಗುರುಗಳು ಕತೆ ನಿಲ್ಲಿಸಿದರು. "ಆಮೇಲಾದರೂ ಆಕೆಯ ನೆನಪು ಸರಿಹೋಯಿತೇ?" ಎಂದು ಶಿಷ್ಯ ಕೇಳಿದ.

"ಇಲ್ಲ. ಆದರೆ ನೆನಪು ತಪ್ಪೆಂದು ತೋರಿಸಲು ಆಕೆಗೆ ಒಂದು ಹಾಳೆಯಾದರೂ ಇತ್ತು, ನೀನು ಅದೂ ಇಲ್ಲದೆ ಅಣ್ಣನ ಮನೆಗೆ ಹೊರಡಬೇಕಾಗಿದೆ" ಎಂದರು ಗುರುಗಳು.