ಅಕ್ಕಿಚೀಲಕ್ಕೆ ಒರಗಿದ ಲೆನ್ಸ್

ಭುಜನೋವು ಹೆಚ್ಚಾದ ಮೇಲೆ ವನ್ಯಜೀವಿ ಛಾಯಾಗ್ರಾಹಕಿ ವೈಜಯಂತಿ ತನ್ನ ಎರಡು ಟೆಲಿಫೋಟೊ ಲೆನ್ಸ್‌ಗಳಲ್ಲಿ ಒಂದನ್ನು ಮಾರಿಬಿಡಲು ನಿಶ್ಚಯಿಸಿದಳು. ಯಾವುದನ್ನು ಉಳಿಸಿಕೊಳ್ಳಬೇಕೆಂದು ತಿಳಿಯಲು ಎರಡನ್ನೂ ಎರಡು ಕ್ಯಾಮೆರಾಗಳಿಗೆ ಜೋಡಿಸಿ ಸಫಾರಿಗೆ ತಂದಳು. ದೊಡ್ಡ ಲೆನ್ಸ್ ಜೀಪಿನ ಎಡಗಂಬಿಯ ಮೇಲೆ, ಅಲುಗದಂತೆ ಆಸರೆಗೆ ಇಟ್ಟ ಅಕ್ಕಿ ತುಂಬಿದ ಚೀಲಕ್ಕೆ ಒರಗಿ ಕುಳಿತಿತ್ತು. ಹಗುರ ಲೆನ್ಸ್ ಅವಳ ಮಡಿಲಲ್ಲಿತ್ತು.

“ಏನಪ್ಪಾ ಪುಟ್ಟ, ನೀನು ನನ್ನ ಮುಚ್ಚಳದಷ್ಟಾದರೂ ತೂಗುತ್ತೀಯಾ?” ಎಂದಿತು ದೊಡ್ಡದು.

“ಇಲ್ಲಣ್ಣ. ಸಂಜೆಯ ಮಬ್ಬಿನಲ್ಲಿ ನಿಮ್ಮಷ್ಟು ಚುರುಕು ಕಣ್ಣೂ ನನಗಿಲ್ಲ.”

“ಹಾಗಾದರೆ ಈ ಮನೆಯ ಋಣ ನಿನಗೆ ಇಂದಿಗೆ ತೀರಿತೆಂದುಕೋ.”

ಎಡಗಡೆಯಲ್ಲಿ ಜಿಂಕೆಯೊಂದು ಹೆದರಿ ಕೂಗಿತು. ಚಾಲಕ ಸಿದ್ದೇಗೌಡ ಇಂಜಿನ್ ನಿಲ್ಲಿಸಿದ. ವೈಜಯಂತಿ ಉಸಿರು ಬಿಗಿಹಿಡಿದು ದೊಡ್ಡ ಲೆನ್ಸನ್ನು ಪೊದೆಯತ್ತ ತಿರುಗಿಸಿದಳು. ಹುಲ್ಲು ಅಲುಗಿತು. ಅವಳು ಕ್ಲಿಕ್ಕಿಸಿದಳು. ಯಾವ ಪ್ರಾಣಿಯೂ ಹೊರಬರಲಿಲ್ಲ.

“ಮೇಡಂ, ಬಲಗಡೆ! ಚಿರತೆ!” ಸಿದ್ದೇಗೌಡ ಪಿಸುಗುಟ್ಟಿದ. ಅದು ಜೀಪಿನ ಹಿಂದಿನಿಂದ ಸುತ್ತಿ ಬಂದು ದಾರಿ ದಾಟುತ್ತಿತ್ತು.

“ಮೊದಲು ಚೀಲವನ್ನು ಆ ಕಡೆ ಇಡಿ! ಆಮೇಲೆ ನನ್ನನ್ನು ಎತ್ತಿ! ಚಿರತೆಗೆ ಸ್ವಲ್ಪ ಕಾಯಲು ಹೇಳಿ!” ಎಂದು ದೊಡ್ಡದು ಅರಚಿತು.

ವೈಜಯಂತಿ ಮಡಿಲಿನ ಲೆನ್ಸನ್ನು ಎತ್ತಿದಳು. ಒಂದೇ ಒಂದು ಕ್ಲಿಕ್. ಚಿರತೆ ಕಾಡಿನೊಳಗೆ ಮರೆಯಾಯಿತು. ಅವಳು ಎರಡೂ ಕ್ಯಾಮೆರಾಗಳ ಪರದೆಯಲ್ಲಿ ಚಿತ್ರಗಳನ್ನು ತೆರೆದು ನೋಡಿದಳು.

“ಛೀ, ನಿನ್ನ ಚಿರತೆ ಎಷ್ಟು ಮಸುಕು!” ಎಂದಿತು ದೊಡ್ಡದು. “ನನ್ನ ಚಿತ್ರ ನೋಡು. ಹುಲ್ಲಿನ ಒಂದೊಂದು ಎಳೆಯೂ ಸ್ಪಷ್ಟವಾಗಿದೆ.”

“ನಿಜ ಅಣ್ಣ,” ಎಂದಿತು ಹಗುರದ್ದು. “ಅದರಲ್ಲಿ ಚಿರತೆ ಎಲ್ಲಿದೆ?”

ವೈಜಯಂತಿ ದೊಡ್ಡ ಲೆನ್ಸಿಗೆ ಮುಚ್ಚಳ ಹಾಕಿದಳು.